ಆರ್ಟಿಚೋಕ್ ಬಿಡಿಸುವುದು, ಬೇಯಿಸುವುದು: ಮೊದಲ ಸಲ ಮನೆಗೆ ತಂದವರಿಗೆ

ಪ್ರತಿ ವರ್ಷ ಮಾರ್ಚ್ ತಿಂಗಳು ಹುಟ್ಟಿದ ಕೂಡಲೇ ನನಗೆ ಒಂದೇ ಬಗೆಯ ಚಿತ್ರಗಳು ಬರತೊಡಗುತ್ತವೆ. ಅಡುಗೆಮನೆಯ ಕಟ್ಟೆಯ ಮೇಲೆ ಮುಷ್ಟಿಗಿಂತ ದೊಡ್ಡದೊಂದು ಹಸಿರು ಮೊಗ್ಗು, ಕೆಳಗೆ ಒಂದು ಸಾಲು: "ನೋಡಲು ಚೆನ್ನಾಗಿತ್ತು, ತಂದೆವು. ಈಗ ಏನು ಮಾಡಬೇಕು?" ಕೇಳುವವರು ಹೆಚ್ಚಾಗಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಮ್ಮವರು. ಕೆಲವರು ಅದನ್ನು ಎಲೆಕೋಸಿನಂತೆ ಹೆಚ್ಚಿ ಪಲ್ಯಕ್ಕೆ ಹಾಕಿ, ಹಗ್ಗ ಅಗಿದಂತಾಯಿತೆಂದು ಬೇಸರಪಟ್ಟಿರುತ್ತಾರೆ. ಇನ್ನು ಕೆಲವರು ಎಸಳುಗಳನ್ನು ಹೇಗೋ ತಿಂದು, ಒಳಗೆ ಕೂದಲಿನಂಥದ್ದು ಕಂಡದ್ದೇ ಹೆದರಿ, ಉಳಿದದ್ದನ್ನು ಕಸಕ್ಕೆ ಹಾಕಿರುತ್ತಾರೆ. ಈ ಎರಡನೆಯದನ್ನು ಕೇಳಿದಾಗಲೆಲ್ಲ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಅವರು ಎಸೆದದ್ದೇ ಆ ತರಕಾರಿಯ ಅತ್ಯುತ್ತಮ ಭಾಗ.

ಬಾಳೆ ಹೂವನ್ನು ಬಿಡಿಸಿ ಗೊತ್ತಿರುವ ಕೈಗೆ ಆರ್ಟಿಚೋಕ್ ಅಪರಿಚಿತವಲ್ಲ. ಹೊರಗಿನ ಒರಟು ಎಸಳನ್ನು ಕಿತ್ತು ಬದಿಗಿಡುವುದು, ಬೇಯದ ಕಡ್ಡಿಯನ್ನು ಆರಿಸಿ ತೆಗೆಯುವುದು, ಹೆಚ್ಚಿದ ಕೂಡಲೇ ಹುಳಿ ನೀರಿಗೆ ಹಾಕುವುದು, ಬೆರಳು ಕಪ್ಪಾಗದಂತೆ ನೋಡಿಕೊಳ್ಳುವುದು ಎಲ್ಲವೂ ಇಲ್ಲಿಯೂ ಇವೆ. ವ್ಯತ್ಯಾಸ ಒಂದೇ. ಬಾಳೆಯಲ್ಲಿ ನಮಗೆ ಬೇಕಾದದ್ದು ಎಸಳಿನ ಅಡಿ ಸಾಲಾಗಿ ಕುಳಿತ ಎಳೆಯ ಹೂಗಳು. ಆರ್ಟಿಚೋಕಿನಲ್ಲಿ ಹೂವು ಬೇಡ. ಆ ಹೂವು ಕುಳಿತಿರುವ ಪೀಠ ಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಹಂತಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಮೊದಲು ಮೊಗ್ಗನ್ನು ತಿಳಿದುಕೊಳ್ಳಿ

ಆರ್ಟಿಚೋಕ್ ಎಂದರೆ ಅರಳುವ ಮೊದಲೇ ಕೊಯ್ದ ಹೂಮೊಗ್ಗು. ಗಿಡ ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬದ್ದು. ಅದರಲ್ಲಿಯೂ ನಮ್ಮ ಕುಸುಬೆಗೆ ಹತ್ತಿರದ ನೆಂಟ. ವಿಜಯಪುರ, ಕಲಬುರಗಿ ಕಡೆಯ ಕರಿಮಣ್ಣಿನ ಹೊಲಗಳಲ್ಲಿ ಕುಸುಬೆಯ ಮೊಗ್ಗನ್ನು ಮುಟ್ಟಿ ಚುಚ್ಚಿಸಿಕೊಂಡವರಿಗೆ ಈ ಮುಳ್ಳಿನ ತುದಿ ಹಳೆಯ ಪರಿಚಯವೇ. ಕೊಯ್ಯದೆ ಬಿಟ್ಟರೆ ಮೊಗ್ಗು ಬಿರಿದು ನೇರಳೆ ಬಣ್ಣದ ದೊಡ್ಡ ಹೂವಾಗುತ್ತದೆ. ಆಗ ಅದು ನೋಡಲು ಮಾತ್ರ, ತಿನ್ನಲು ಅಲ್ಲ.

ಮೂಲತಃ ಇದು ಮೆಡಿಟರೇನಿಯನ್ ಸುತ್ತಮುತ್ತಲಿನ ಬೆಳೆ. ಕ್ಯಾಲಿಫೋರ್ನಿಯಾಕ್ಕೆ ಇದನ್ನು ತಂದು ನೆಲೆಗೊಳಿಸಿದವರು ಇಟಲಿಯಿಂದ ವಲಸೆ ಬಂದ ರೈತರು. ಇಂದು ಅಮೆರಿಕದಲ್ಲಿ ಮಾರಾಟಕ್ಕೆ ಬೆಳೆಯುವ ಆರ್ಟಿಚೋಕ್ ಬಹುತೇಕ ಎಲ್ಲವೂ ಕ್ಯಾಲಿಫೋರ್ನಿಯಾದ್ದು. ಅದರಲ್ಲಿ ದೊಡ್ಡ ಪಾಲು ಮಾಂಟೆರೇ ಜಿಲ್ಲೆಯದು. ಸ್ಯಾನ್ ಹೊಸೆಯಿಂದ ಕಾರಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ದೂರದ ಕ್ಯಾಸ್ಟ್ರೊವಿಲ್ ಎಂಬ ಸಣ್ಣ ಊರು ತನ್ನನ್ನು ಆರ್ಟಿಚೋಕಿನ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಸಮುದ್ರದ ಮಂಜು, ತಂಪಾದ ಬೇಸಿಗೆ, ಹೆಚ್ಚು ಕೊರೆಯದ ಚಳಿಗಾಲ ಈ ಗಿಡಕ್ಕೆ ಇಷ್ಟ. ಹತ್ತಿರದಲ್ಲಿರುವವರು ಒಮ್ಮೆ ಅಲ್ಲಿಯ ರಸ್ತೆಬದಿಯ ಅಂಗಡಿಗಳಿಂದಲೇ ಕೊಂಡು ನೋಡಿ. ಅಂದು ಕೊಯ್ದದ್ದಕ್ಕೂ ವಾರ ಕಳೆದದ್ದಕ್ಕೂ ಇರುವ ಅಂತರ ನಾಲಿಗೆಗೆ ಕೂಡಲೇ ಗೊತ್ತಾಗುತ್ತದೆ.

ಮೊಗ್ಗಿನಲ್ಲಿ ನೀವು ಗುರುತಿಸಬೇಕಾದ ಭಾಗಗಳು ನಾಲ್ಕು. ಹೊರಗೆ ಒಂದರ ಮೇಲೊಂದು ಹೆಂಚು ಹೊದಿಸಿದಂತೆ ಕೂತಿರುವುದು ಎಸಳು. ಇದರ ಬುಡದಲ್ಲಿ ಮಾತ್ರ ಸ್ವಲ್ಪ ತಿರುಳಿರುತ್ತದೆ, ಉಳಿದದ್ದು ನಾರು. ಎಸಳುಗಳ ನಡುವೆ, ಮೊಗ್ಗಿನ ಹೊಟ್ಟೆಯೊಳಗೆ, ಒತ್ತಾದ ಕೂದಲಿನಂಥ ಜುಂಗು. ಇಂಗ್ಲಿಷಿನವರು ಇದನ್ನು ಚೋಕ್ ಎನ್ನುತ್ತಾರೆ. ಇನ್ನೂ ಅರಳದ ಹೂಗಳೆಂದರೆ ಇವೇ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ತಿನ್ನಬಾರದು. ಜುಂಗಿನ ಕೆಳಗೆ ಬಟ್ಟಲಿನಂತೆ ಇರುವ ದಪ್ಪ, ಬಿಳಿಹಸಿರು ತಿರುಳು ಹಾರ್ಟ್. ಹೋಟೆಲುಗಳ ಪಟ್ಟಿಯಲ್ಲಿ, ಬಾಟಲಿಗಳ ಮೇಲೆ ಆರ್ಟಿಚೋಕ್ ಹಾರ್ಟ್ ಎಂದು ಬರೆದಿರುವುದು ಈ ಬಟ್ಟಲನ್ನು, ಅಥವಾ ಅದಕ್ಕಂಟಿದ ಎಳೆ ಎಸಳನ್ನೂ ಸೇರಿಸಿ. ನಾನು ಇಲ್ಲಿ ತಿರುಳು ಬಟ್ಟಲು ಎಂದು ಕರೆಯುತ್ತೇನೆ. ನಾಲ್ಕನೆಯದು ತೊಟ್ಟು, ಇದರ ನಡುಭಾಗ ತಿರುಳು ಬಟ್ಟಲಿನ ಮುಂದುವರಿಕೆಯೇ, ರುಚಿಯೂ ಅದೇ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರ. ಜೆರುಸಲೇಮ್ ಆರ್ಟಿಚೋಕ್ ಎಂದು ಶುಂಠಿಯಂತೆ ಕಾಣುವ ಒಂದು ಗೆಡ್ಡೆಯನ್ನು ಮಾರುತ್ತಾರೆ. ಅದು ಬೇರೆಯೇ ಗಿಡ, ಸೂರ್ಯಕಾಂತಿಯ ಜಾತಿಯದು. ಈ ಲೇಖನದ ಯಾವ ವಿಧಾನವೂ ಅದಕ್ಕೆ ಹೊಂದುವುದಿಲ್ಲ.

ಕೊಳ್ಳುವಾಗ

ಮಾರ್ಚ್‌ನಿಂದ ಮೇವರೆಗೆ ಮುಖ್ಯ ಸುಗ್ಗಿ. ಶರತ್ಕಾಲದಲ್ಲಿ ಇನ್ನೊಂದು ಸಣ್ಣ ಸುಗ್ಗಿ ಬರುತ್ತದೆ. ಮೊಗ್ಗನ್ನು ಕೈಯಲ್ಲಿ ಎತ್ತಿ ನೋಡಿ: ಗಾತ್ರಕ್ಕಿಂತ ಭಾರವೆನಿಸಬೇಕು. ಎಸಳುಗಳು ಬಿಗಿಯಾಗಿ ಮುಚ್ಚಿಕೊಂಡಿರಬೇಕು. ಕಿವಿಯ ಬಳಿ ಹಿಡಿದು ಮೆಲ್ಲನೆ ಒತ್ತಿದರೆ ತಾಜಾ ಮೊಗ್ಗು ಕಿರ್ ಎನ್ನುತ್ತದೆ. ಒಣಗಿದ್ದು ಮೌನವಾಗಿರುತ್ತದೆ. ಎಸಳುಗಳು ಬಾಯಿ ಬಿಟ್ಟಿದ್ದರೆ ಬಲಿತಿದೆ ಎಂದರ್ಥ, ಒಳಗೆ ಜುಂಗು ಹೆಚ್ಚು, ತಿರುಳು ಬಿರುಸು.

ಚಳಿಗಾಲದಲ್ಲಿ ಹೊರ ಎಸಳಿನ ಮೇಲೆ ಕಂದು ಬಣ್ಣದ ಸಿಪ್ಪೆ ಎದ್ದಂಥ ಕಲೆಗಳಿರುತ್ತವೆ. ಹಿಮ ತಾಕಿದ ಗುರುತು ಅದು. ಬಹಳ ಮಂದಿ ಅದನ್ನು ಕೊಳೆತದ್ದೆಂದು ಬಿಟ್ಟುಬಿಡುತ್ತಾರೆ. ಕಲೆ ಮೇಲ್ಮೈಯಲ್ಲಿ ಮಾತ್ರ ಇದ್ದು ಮೊಗ್ಗು ಗಟ್ಟಿಯಾಗಿದ್ದರೆ ಧೈರ್ಯವಾಗಿ ತನ್ನಿ, ಒಳಗೆ ಏನೂ ಆಗಿರುವುದಿಲ್ಲ. ಕಪ್ಪಾಗಿ ಮೆತ್ತಗಾಗಿದ್ದರೆ ಮಾತ್ರ ಬೇಡ.

ಗಾತ್ರದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಬೇಬಿ ಆರ್ಟಿಚೋಕ್ ಎಂದು ಮಾರುವ ನಿಂಬೆಗಿಂತ ಸ್ವಲ್ಪ ದೊಡ್ಡ ಮೊಗ್ಗುಗಳು ಎಳೆಯವಲ್ಲ. ಅದೇ ಗಿಡದಲ್ಲಿ ಕೆಳಗಿನ ಕವಲುಗಳಲ್ಲಿ, ದೊಡ್ಡ ಎಲೆಗಳ ನೆರಳಿನಲ್ಲಿ ಬಿಡುವ ಮೊಗ್ಗುಗಳು ಅವು. ಅವುಗಳಲ್ಲಿ ಜುಂಗು ಬೆಳೆದಿರುವುದಿಲ್ಲವಾದ್ದರಿಂದ ಹೊರ ಎಸಳು ತೆಗೆದರೆ ಉಳಿದದ್ದೆಲ್ಲ ತಿನ್ನಬಹುದು. ಪಲ್ಯಕ್ಕೆ ನನ್ನ ಮೊದಲ ಆಯ್ಕೆ ಇವೇ. ಇಡಿಯಾಗಿ ಬೇಯಿಸಲು ದೊಡ್ಡವು. ಒಬ್ಬರಿಗೆ ಒಂದು ಸಾಕು.

ಮನೆಗೆ ತಂದ ದಿನವೇ ಬೇಯಿಸಲಾಗದಿದ್ದರೆ ತೊಟ್ಟಿನ ತುದಿಯನ್ನು ತೆಳುವಾಗಿ ಕತ್ತರಿಸಿ, ಅಲ್ಲಿಗೆ ನಾಲ್ಕು ಹನಿ ನೀರು ಚಿಮುಕಿಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರಿಜ್‌ನಲ್ಲಿಡಿ. ಐದಾರು ದಿನ ಇರುತ್ತದೆ. ಮೊದಲೇ ತೊಳೆದಿಡಬೇಡಿ.

ಬೇಕಾಗುವ ಸಾಮಾನು

ಹಲ್ಲುಗಳಿರುವ ಬ್ರೆಡ್ ಚಾಕು, ಒಂದು ಸಣ್ಣ ಚೂಪು ಚಾಕು, ಕತ್ತರಿ, ಅಂಚು ಸ್ವಲ್ಪ ಹರಿತವಾದ ಸ್ಟೀಲ್ ಚಮಚ, ಎರಡು ನಿಂಬೆಹಣ್ಣು, ದೊಡ್ಡ ಬೋಗುಣಿ, ಮುಚ್ಚಳ ಸರಿಯಾಗಿ ಕೂರುವ ಆಳವಾದ ಪಾತ್ರೆ. ಇಡ್ಲಿ ಪಾತ್ರೆ ಇದ್ದರೆ ತಟ್ಟೆಗಳನ್ನು ತೆಗೆದು, ಅಡಿಗೆ ತೂತಿನ ತಟ್ಟೆ ಒಂದನ್ನಿಟ್ಟರೆ ಇದಕ್ಕಿಂತ ಒಳ್ಳೆಯ ಸಾಧನ ಬೇರೆ ಬೇಕಿಲ್ಲ.

ಕಬ್ಬಿಣದ ಈಳಿಗೆಮಣೆ, ಕಬ್ಬಿಣದ ಬಾಣಲೆ, ಅಲ್ಯೂಮಿನಿಯಂ ಪಾತ್ರೆಗಳನ್ನು ಈ ಕೆಲಸಕ್ಕೆ ಮುಟ್ಟಬೇಡಿ. ಆರ್ಟಿಚೋಕಿನ ರಸ ಈ ಲೋಹಗಳೊಂದಿಗೆ ಸೇರಿದರೆ ತಿರುಳು ಬೂದು ಬಣ್ಣಕ್ಕೆ ತಿರುಗುತ್ತದೆ, ಲೋಹದ ರುಚಿಯೂ ಹತ್ತುತ್ತದೆ. ಊರಿನಿಂದ ಪ್ರೀತಿಯಿಂದ ಹೊತ್ತು ತಂದ ಈಳಿಗೆಮಣೆಯನ್ನು ಇಂದು ಒಂದು ದಿನ ಮಡಚಿಡಿ. ಎಲ್ಲವೂ ಸ್ಟೀಲ್ ಇರಲಿ.

ಹಂತ 1: ನೆನೆಸಿ ತೊಳೆಯುವುದು

ಎಸಳುಗಳ ಸಂದಿನಲ್ಲಿ ಮರಳು, ಕೆಲವೊಮ್ಮೆ ಸಣ್ಣ ಹುಳು ಸೇರಿರುತ್ತವೆ. ಬೋಗುಣಿಯ ತುಂಬ ತಣ್ಣೀರಿಗೆ ಒಂದು ಚಮಚ ಉಪ್ಪು ಹಾಕಿ, ಮೊಗ್ಗನ್ನು ತಲೆಕೆಳಗಾಗಿ ಹತ್ತು ನಿಮಿಷ ಮುಳುಗಿಸಿಡಿ. ಆಮೇಲೆ ತೊಟ್ಟು ಹಿಡಿದು ನೀರಿನಲ್ಲಿಯೇ ಜಾಲಾಡಿಸಿ, ನಲ್ಲಿಯ ಕೆಳಗೆ ಎಸಳುಗಳನ್ನು ಸ್ವಲ್ಪ ಬಿಡಿಸಿ ತೊಳೆಯಿರಿ. ತಲೆಕೆಳಗಾಗಿ ನಿಲ್ಲಿಸಿ ನೀರು ಬಸಿಯಿರಿ.

ಹಂತ 2: ನಿಂಬೆ ನೀರು ಸಿದ್ಧ ಮಾಡುವುದು

ಚಾಕು ಕೈಗೆತ್ತಿಕೊಳ್ಳುವ ಮೊದಲು ಇದು ಪಕ್ಕದಲ್ಲಿರಬೇಕು. ಎರಡು ಲೀಟರ್ ನೀರಿಗೆ ಒಂದು ದೊಡ್ಡ ನಿಂಬೆಹಣ್ಣಿನ ರಸ ಹಿಂಡಿ, ಹಿಂಡಿದ ಹೋಳುಗಳನ್ನೂ ಅದರಲ್ಲೇ ಬಿಡಿ. ಇನ್ನೊಂದು ನಿಂಬೆಹಣ್ಣನ್ನು ಎರಡು ಹೋಳು ಮಾಡಿ ಕೈಗೆಟಕುವಂತೆ ಇಟ್ಟುಕೊಳ್ಳಿ.

ಕತ್ತರಿಸಿದ ಆರ್ಟಿಚೋಕ್ ಗಾಳಿ ತಾಕಿ ಕೆಲವೇ ನಿಮಿಷಗಳಲ್ಲಿ ಕಂದಾಗುತ್ತದೆ. ಬದನೆ, ಬಾಳೆಕಾಯಿ, ಸೇಬು ಕಪ್ಪಾಗುವುದು ಯಾವ ಕಾರಣಕ್ಕೋ ಇದೂ ಅದೇ ಕಾರಣಕ್ಕೆ. ಹುಳಿ ಆ ಕ್ರಿಯೆಯನ್ನು ತಡೆಯುತ್ತದೆ. ಬಾಳೆ ಹೂವಿಗೆ ಮಾಡುವಂತೆ ಮಜ್ಜಿಗೆ ನೀರು ಬಳಸಬಹುದೇ ಎಂದು ಅನೇಕರು ಕೇಳಿದ್ದೀರಿ. ಹೋಳುಗಳಿಗೆ ಬಳಸಬಹುದು. ಇಡೀ ಮೊಗ್ಗಿಗೆ ಬೇಡ, ಮಜ್ಜಿಗೆ ಎಸಳುಗಳ ನಡುವೆ ನಿಂತು ಬೇಯುವಾಗ ಒಡೆದು ಗಷ್ಟಾಗಿ ಕೂರುತ್ತದೆ. ನಿಂಬೆ ಇಲ್ಲದಿದ್ದರೆ ಬಿಳಿ ವಿನೆಗರ್ ನಾಲ್ಕು ಚಮಚ ಹಾಕಿ.

ಕೈಗೂ ಇದೇ ನೀರು. ಬರಿಗೈಯಲ್ಲಿ ನಾಲ್ಕು ಮೊಗ್ಗು ಬಿಡಿಸಿದರೆ ಬೆರಳ ತುದಿಗಳು ಕಂದಾಗಿ ಎರಡು ದಿನ ಹಾಗೆಯೇ ಉಳಿಯುತ್ತವೆ. ಅದಕ್ಕಿಂತ ಮುಖ್ಯವಾಗಿ, ಹಸಿ ಎಸಳಿನ ರಸ ಬಹಳ ಕಹಿ. ಅದೇ ಕೈಯಲ್ಲಿ ಹಿಟ್ಟು ಕಲಸಿದರೆ ಚಪಾತಿಗೂ ಕಹಿ ಹತ್ತುತ್ತದೆ. ತೆಳುವಾದ ಕೈಗವಸು ಹಾಕಿಕೊಳ್ಳಿ, ಇಲ್ಲವೇ ಆಗಾಗ ಬೆರಳನ್ನು ನಿಂಬೆ ಹೋಳಿನಿಂದ ಉಜ್ಜಿ.

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಮೊದಲ ಸಲ ಮಾಡುವವರು ಇಡಿಯಾಗಿ ಬೇಯಿಸಿ. ಮೊಗ್ಗಿನ ಒಳರಚನೆ ಅರ್ಥವಾಗುತ್ತದೆ, ಏನೂ ವ್ಯರ್ಥವಾಗುವುದಿಲ್ಲ, ಚಾಕುವಿನ ಕೆಲಸವೂ ಕಡಿಮೆ. ಅದು ಕೈಗೆ ಹತ್ತಿದ ಮೇಲೆ ಹಸಿಯಲ್ಲಿಯೇ ತಿರುಳು ಬಟ್ಟಲು ಬಿಡಿಸುವುದನ್ನು ಕಲಿಯಿರಿ.

ಹಂತ 3: ಇಡೀ ಮೊಗ್ಗನ್ನು ಅಣಿ ಮಾಡುವುದು

ಬುಡದ ಸುತ್ತ ಇರುವ ಚಿಕ್ಕ, ಒರಟು ಎಸಳುಗಳನ್ನು ಒಂದು ಸುತ್ತು ಕಿತ್ತುಹಾಕಿ. ಮೊಗ್ಗನ್ನು ಮಲಗಿಸಿ, ಬ್ರೆಡ್ ಚಾಕುವಿನಿಂದ ತಲೆಯ ಕಾಲು ಭಾಗವನ್ನು, ಅಂದರೆ ಸುಮಾರು ಒಂದು ಅಂಗುಲವನ್ನು, ಗರಗಸ ಆಡಿಸುವಂತೆ ಕತ್ತರಿಸಿ. ಸಾಮಾನ್ಯ ಚಾಕುವಿನಿಂದ ಒತ್ತಿ ಕತ್ತರಿಸಲು ಹೋಗಬೇಡಿ. ಎಸಳುಗಳು ಜಾರುತ್ತವೆ, ಚಾಕು ಕೈಯ ಕಡೆ ತಿರುಗುತ್ತದೆ. ಉಳಿದ ಎಸಳುಗಳ ತುದಿಯಲ್ಲಿ ಮುಳ್ಳಿದ್ದರೆ ಕತ್ತರಿಯಿಂದ ಒಂದೊಂದನ್ನೇ ಅರ್ಧ ಅಂಗುಲ ಕತ್ತರಿಸಿ. ಈಗಿನ ಕೆಲವು ತಳಿಗಳಲ್ಲಿ ಮುಳ್ಳೇ ಇರುವುದಿಲ್ಲ, ಆಗ ಈ ಕೆಲಸ ಬಿಡಬಹುದು. ಕ್ಯಾಸ್ಟ್ರೊವಿಲ್ ಕಡೆಯ ಹಳೆಯ ತಳಿ ಗ್ರೀನ್ ಗ್ಲೋಬ್‌ಗೆ ಮುಳ್ಳು ಇದ್ದೇ ಇದೆ. ನನಗೆ ರುಚಿಯಲ್ಲಿ ಅದೇ ಮೇಲು, ಆದ್ದರಿಂದ ಐದು ನಿಮಿಷದ ಕತ್ತರಿ ಕೆಲಸವನ್ನು ಸಂತೋಷದಿಂದ ಮಾಡುತ್ತೇನೆ.

ತೊಟ್ಟನ್ನು ಬುಡದವರೆಗೆ ಸವರಿ ಎಸೆಯಬೇಡಿ. ಮೊಗ್ಗು ನೆಟ್ಟಗೆ ಕೂರಲೆಂದು ಅಷ್ಟನ್ನೂ ಕತ್ತರಿಸಿದರೂ ಸರಿ, ತೊಟ್ಟಿನ ಹೊರಸಿಪ್ಪೆಯನ್ನು ದಪ್ಪವಾಗಿ ಹೆರೆದು, ಒಳಗಿನ ತೆಳು ಹಸಿರು ದಿಂಡನ್ನು ಜೊತೆಯಲ್ಲೇ ಬೇಯಿಸಿ. ಬಾಳೆದಿಂಡು ತಿನ್ನುವ ನಮಗೆ ದಿಂಡಿನ ಬೆಲೆ ಗೊತ್ತಿರಬೇಕಲ್ಲವೇ?

ಕತ್ತರಿಸಿದ ಎಲ್ಲ ಮುಖಗಳಿಗೂ ನಿಂಬೆ ಹೋಳನ್ನು ಉಜ್ಜಿ, ಮೊಗ್ಗನ್ನು ನಿಂಬೆ ನೀರಿನಲ್ಲಿ ತಲೆಕೆಳಗಾಗಿ ಮುಳುಗಿಸಿ. ಎಲ್ಲವೂ ಅಣಿಯಾಗುವವರೆಗೆ ಅಲ್ಲೇ ಇರಲಿ.

ಹಂತ 4: ಹಬೆಯಲ್ಲಿ ಬೇಯಿಸುವುದು

ನೀರಿನಲ್ಲಿ ಮುಳುಗಿಸಿ ಬೇಯಿಸುವವರೂ ಇದ್ದಾರೆ. ನನಗೆ ಹಬೆಯೇ ಸರಿ ಎನಿಸುತ್ತದೆ. ನೀರಿನಲ್ಲಿ ಬೆಂದದ್ದು ಎಸಳುಗಳ ನಡುವೆ ನೀರು ಹಿಡಿದುಕೊಂಡು ತಟ್ಟೆಯಲ್ಲಿ ಸುರಿಸುತ್ತದೆ, ರುಚಿಯೂ ನೀರಿಗೆ ಹೋಗುತ್ತದೆ.

ಪಾತ್ರೆಯಲ್ಲಿ ಎರಡು ಅಂಗುಲ ನೀರು ಹಾಕಿ, ಕುದಿ ಬಂದ ಮೇಲೆ ತೂತಿನ ತಟ್ಟೆಯ ಮೇಲೆ ಮೊಗ್ಗುಗಳನ್ನು ತಲೆಕೆಳಗಾಗಿ ಕೂರಿಸಿ ಮುಚ್ಚಿ. ತಲೆಕೆಳಗಾಗಿ ಇಟ್ಟರೆ ಹಬೆಯ ನೀರು ಒಳಗೆ ನಿಲ್ಲುವುದಿಲ್ಲ. ಮಧ್ಯಮ ಗಾತ್ರಕ್ಕೆ 30ರಿಂದ 40 ನಿಮಿಷ, ದೊಡ್ಡದಕ್ಕೆ 45ರಿಂದ 60 ನಿಮಿಷ, ಚಿಕ್ಕ ಬೇಬಿ ಮೊಗ್ಗುಗಳಿಗೆ 15ರಿಂದ 20 ನಿಮಿಷ ಬೇಕು. ಇಷ್ಟು ಹೊತ್ತು ಕುದಿಯುವಾಗ ಅಡಿಯ ನೀರು ಬತ್ತುತ್ತದೆ. ಅರ್ಧ ದಾರಿಯಲ್ಲಿ ಒಮ್ಮೆ ಇಣುಕಿ, ಬಿಸಿನೀರನ್ನೇ ಸೇರಿಸಿ.

ಕುಕ್ಕರಿನಲ್ಲಿ ಮಾಡುವುದಾದರೆ ಅಡಿಗೆ ಒಂದೂವರೆ ಲೋಟ ನೀರು ಹಾಕಿ, ಮಧ್ಯಮ ಗಾತ್ರದ ಮೊಗ್ಗಿಗೆ ಮೊದಲ ಸೀಟಿ ಬಂದ ಮೇಲೆ ಉರಿ ತಗ್ಗಿಸಿ ಹತ್ತು ನಿಮಿಷ ಇಡಿ. ದೊಡ್ಡದಕ್ಕೆ ಹದಿನೈದು. ಬೇಗ ಆಗುತ್ತದೆ ನಿಜ. ಆದರೆ ಎರಡು ನಿಮಿಷ ಹೆಚ್ಚಾದರೂ ಎಸಳುಗಳು ಕಳಚಿ ಬೀಳುತ್ತವೆ. ಬಿಡುವಿದ್ದ ದಿನ ಹಬೆಯನ್ನೇ ನೆಚ್ಚಿಕೊಳ್ಳಿ.

ಬೆಂದಿದೆಯೇ ಎಂದು ಗಡಿಯಾರವನ್ನು ಕೇಳಬೇಡಿ, ಮೊಗ್ಗನ್ನು ಕೇಳಿ. ಇಕ್ಕಳದಿಂದ ಒಳಸುತ್ತಿನ ಒಂದು ಎಸಳನ್ನು ಹಿಡಿದು ಎಳೆಯಿರಿ. ಪ್ರತಿರೋಧವಿಲ್ಲದೆ ಕೈಗೆ ಬರಬೇಕು. ಬುಡಕ್ಕೆ ಚೂಪು ಚಾಕು ಚುಚ್ಚಿದರೆ ಬೆಂದ ಆಲೂಗೆಡ್ಡೆಗೆ ಇಳಿದಂತೆ ಇಳಿಯಬೇಕು. ಎರಡರಲ್ಲಿ ಒಂದು ಆಗದಿದ್ದರೂ ಇನ್ನೂ ಹತ್ತು ನಿಮಿಷ ಮುಚ್ಚಿಡಿ. ನನಗೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು, "ನಾರು ನಾರು", "ಕಹಿ", "ರುಚಿಯೇ ಇಲ್ಲ" ಎನ್ನುವವೆಲ್ಲ, ಅರೆಬೆಂದ ಆರ್ಟಿಚೋಕಿನ ದೂರುಗಳೇ. ಬೆಂದ ಮೇಲೆ ಹೊಳೆಯುವ ಹಸಿರು ಹೋಗಿ ಮಂಕಾದ ಆಲಿವ್ ಬಣ್ಣ ಬರುತ್ತದೆ. ಅದು ಸಹಜ. ಹಸಿರು ಉಳಿಸಲೆಂದು ಬೇಗ ಇಳಿಸಿದಿರೋ, ಕೆಟ್ಟಿತು.

ಹಂತ 5: ತಿನ್ನುವುದು

ಇದನ್ನೂ ಒಂದು ಹಂತವೆಂದೇ ಎಣಿಸುತ್ತೇನೆ, ಏಕೆಂದರೆ ಎಡವುವುದು ಇಲ್ಲಿಯೇ. ಸಾರಿನ ನುಗ್ಗೆಕಾಯಿಯನ್ನು ಹೇಗೆ ತಿನ್ನುತ್ತೀರಿ? ಹೋಳನ್ನು ಬಾಯಿಗಿಟ್ಟು ತಿರುಳನ್ನು ಹಲ್ಲಿನಿಂದ ಎಳೆದುಕೊಂಡು ನಾರನ್ನು ಬದಿಗಿಡುತ್ತೀರಲ್ಲವೇ? ಎಸಳಿಗೂ ಅದೇ ನಿಯಮ. ಹೊರಸುತ್ತಿನಿಂದ ಒಂದು ಎಸಳನ್ನು ಕಿತ್ತು, ಅದರ ಬಿಳಿಯ ಬುಡವನ್ನು ವ್ಯಂಜನದಲ್ಲಿ ಅದ್ದಿ, ಕೆಳಹಲ್ಲಿಗೆ ಒತ್ತಿ ಎಳೆಯಿರಿ. ಹಲ್ಲಿಗೆ ಸಿಕ್ಕ ತಿರುಳಷ್ಟೇ ತಿನ್ನುವುದು. ಉಳಿದದ್ದನ್ನು ಖಾಲಿ ಬಟ್ಟಲಿಗೆ ಹಾಕಿ. ಆ ಖಾಲಿ ಬಟ್ಟಲನ್ನು ಮೊದಲೇ ಎಲ್ಲರ ಪಕ್ಕದಲ್ಲಿ ಇಟ್ಟಿರಿ. ಒಳಗೆ ಹೋದಂತೆ ಎಸಳು ಎಳೆಯದಾಗುತ್ತದೆ, ತಿನ್ನುವ ಭಾಗ ಹೆಚ್ಚುತ್ತದೆ.

ಕೊನೆಗೆ ಕಾಗದದಷ್ಟು ತೆಳುವಾದ, ನೇರಳೆ ಛಾಯೆಯ ಎಸಳುಗಳ ಒಂದು ಶಂಕು ಉಳಿಯುತ್ತದೆ. ಅದನ್ನು ಒಟ್ಟಿಗೇ ಹಿಡಿದು ಎತ್ತಿ ತೆಗೆಯಿರಿ. ಕೆಳಗೆ ಜುಂಗು. ಹೆದರಿ ನಿಲ್ಲಬೇಡಿ, ಗೆದ್ದಿರುವುದೇ ಈಗ. ಚಮಚದ ಅಂಚಿನಿಂದ ಬದಿಯಿಂದ ಬದಿಗೆ ಕೆರೆದರೆ ಜುಂಗು ಚಾಪೆಯಂತೆ ಸುಲಿದು ಬರುತ್ತದೆ. ಒಂದೆಳೆಯನ್ನೂ ಬಿಡಬೇಡಿ. ಮಕ್ಕಳಿಗೆ ಕೊಡುವಾಗಲಂತೂ ನೀವೇ ಕೆರೆದು, ಬೆರಳಾಡಿಸಿ ನೋಡಿ ಕೊಡಿ. ಆಮೇಲೆ ತಟ್ಟೆಯಲ್ಲಿ ಉಳಿಯುವ ನಯವಾದ ಬಟ್ಟಲು ಪೂರ್ತಿಯಾಗಿ ನಿಮ್ಮದು. ಬೆಂದ ಹಲಸಿನ ಬೀಜದ ಮೃದುತನ, ಅದಕ್ಕಿಂತ ಬೆಣ್ಣೆಯಂಥ ಗುಣ, ಹಿಂದೆಯೇ ಸಣ್ಣದೊಂದು ಸಿಹಿ.

ಅದ್ದಿಕೊಳ್ಳಲು ಇಲ್ಲಿಯವರು ಕರಗಿಸಿದ ಬೆಣ್ಣೆಗೆ ಜಜ್ಜಿದ ಬೆಳ್ಳುಳ್ಳಿ, ನಿಂಬೆರಸ ಬೆರೆಸುತ್ತಾರೆ. ಅದು ಚೆನ್ನಾಗಿಯೇ ಇರುತ್ತದೆ. ನಮ್ಮ ಮಲೆನಾಡಿನ ಸಾಸಿವೆ ಇನ್ನೂ ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅರ್ಧ ಬಟ್ಟಲು ತೆಂಗಿನ ತುರಿ, ಅರ್ಧ ಚಮಚ ಸಾಸಿವೆ ಕಾಳು, ಒಂದು ಹಸಿಮೆಣಸಿನಕಾಯಿ ಸೇರಿಸಿ ನುಣ್ಣಗೆ, ನೀರು ಹೆಚ್ಚಾಗದಂತೆ ಅರೆದು, ಒಂದು ಬಟ್ಟಲು ಗಟ್ಟಿ ಮೊಸರಿಗೆ ಕಲಸಿ ಉಪ್ಪು ಹಾಕಿ. ಎಸಳಿಗೆ ಅಂಟುವಷ್ಟು ಗಟ್ಟಿಯಿರಲಿ. ಬಡಿಸುವ ಹೊತ್ತಿಗೇ ಮಾಡಿ, ಹೊತ್ತಾದರೆ ಸಾಸಿವೆಯ ಘಾಟು ಕಹಿಗೆ ತಿರುಗುತ್ತದೆ.

ಆರ್ಟಿಚೋಕ್ ತಿಂದ ಮೇಲೆ ಕುಡಿದ ನೀರು ಸಿಹಿಯೆನಿಸಿದರೆ ಗಾಬರಿಯಾಗಬೇಡಿ. ನೆಲ್ಲಿಕಾಯಿ ತಿಂದು ನೀರು ಕುಡಿದ ಅನುಭವವೇ ಅದು. ಇದರಲ್ಲಿರುವ ಸೈನಾರಿನ್ ಎಂಬ ಅಂಶ ನಾಲಿಗೆಯ ಮೇಲೆ ಆ ಪರಿಣಾಮ ಮಾಡುತ್ತದೆ, ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಅಲ್ಲ. ಹಾಗಾಗಿ ಬೆನ್ನಿಗೇ ಪಾಯಸ ಬಡಿಸಿದರೆ ಸಿಹಿ ಅತಿಯಾಗಿ ಕಾಣಬಹುದು. ನಡುವೆ ಮಜ್ಜಿಗೆ ಕೊಡಿ.

ಹಂತ 6: ಹಸಿ ಮೊಗ್ಗಿನಿಂದ ತಿರುಳು ಬಟ್ಟಲು ಬಿಡಿಸುವುದು

ಪಲ್ಯಕ್ಕೆ, ಪಲಾವಿಗೆ, ಹುರಿಯಲು ಬೇಕಾದದ್ದು ಇದು. ಮೊದಲ ಮೊಗ್ಗಿಗೆ ಹತ್ತು ನಿಮಿಷ ಹಿಡಿಯುತ್ತದೆ, ನಾಲ್ಕನೆಯದಕ್ಕೆ ಮೂರು.

ಹೊರ ಎಸಳನ್ನು ಹಿಂದಕ್ಕೆ ಬಗ್ಗಿಸಿ ಕೆಳಗೆ ಎಳೆದರೆ ಬುಡದ ತಿರುಳು ಅಲ್ಲೇ ಉಳಿದು ಎಸಳು ಲಟಕ್ಕೆಂದು ಮುರಿಯುತ್ತದೆ. ಸುತ್ತಲೂ ಹೀಗೆ ಮುರಿಯುತ್ತಾ ಹೋಗಿ, ಎಸಳಿನ ಕೆಳಗಿನ ಅರ್ಧ ಹಳದಿಮಿಶ್ರಿತ ತಿಳಿಹಸಿರಾಗಿ ಕಾಣುವವರೆಗೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಜಿಪುಣತನ. ಇಷ್ಟು ಎಸಳು ಹೋಯಿತಲ್ಲ ಎಂದು ಎರಡು ಸುತ್ತು ಉಳಿಸಿದರೆ ಆ ಎರಡು ಸುತ್ತೇ ಪಲ್ಯವನ್ನು ಕೆಡಿಸುತ್ತದೆ. ಬೆರಳ ಉಗುರು ಸುಲಭವಾಗಿ ಇಳಿಯದ ಎಸಳು ಬೇಡವೇ ಬೇಡ.

ಉಳಿದ ಶಂಕುವಿನ ಮೇಲಿನ ಹಸಿರು ಭಾಗವನ್ನು ಅಡ್ಡಲಾಗಿ ಕತ್ತರಿಸಿ ತೆಗೆಯಿರಿ. ಬುಡದ ಸುತ್ತ ಕಡುಹಸಿರು ಗಂಟುಗಳನ್ನು ಸಣ್ಣ ಚಾಕುವಿನಿಂದ ಹೆರೆಯಿರಿ; ಕಹಿ ಹೆಚ್ಚಾಗಿ ಇರುವುದು ಈ ಕಡುಹಸಿರಿನಲ್ಲಿ. ತೊಟ್ಟನ್ನೂ ಹೆರೆಯಿರಿ. ಉದ್ದಕ್ಕೆ ಎರಡು ಹೋಳು ಮಾಡಿ, ಜುಂಗನ್ನು ಚಮಚದಿಂದ ಗುಂಡಿ ತೋಡುವಂತೆ ತೆಗೆಯಿರಿ. ಹಸಿಯಲ್ಲಿ ಜುಂಗು ಗಟ್ಟಿಯಾಗಿ ಅಂಟಿರುತ್ತದೆ, ಸ್ವಲ್ಪ ಬಲ ಬೇಕು. ಪ್ರತಿ ಹೋಳೂ ಕೂಡಲೇ ನಿಂಬೆ ನೀರಿಗೆ. ತೇಲದಂತೆ ಮೇಲೊಂದು ತಟ್ಟೆ ಮುಚ್ಚಿ.

ಬೇಬಿ ಮೊಗ್ಗುಗಳಾದರೆ ಹೊರ ಎಸಳು ಮುರಿದು, ತಲೆ ಕತ್ತರಿಸಿ, ಬುಡ ಹೆರೆದು ಎರಡಾಗಿ ಸೀಳಿದರೆ ಮುಗಿಯಿತು. ಒಂದನ್ನು ಸೀಳಿ ನೋಡಿ: ಒಳಗೆ ಕೂದಲು ಕಾಣದಿದ್ದರೆ ಚಮಚದ ಕೆಲಸವಿಲ್ಲ.

ಹಂತ 7: ಪಲ್ಯ

ನಾಲ್ಕು ದೊಡ್ಡ ಮೊಗ್ಗಿನ ತಿರುಳು ಬಟ್ಟಲು, ಇಲ್ಲವೇ ಹನ್ನೆರಡು ಬೇಬಿ ಮೊಗ್ಗು ಮೂವರಿಗೆ ಸಾಕು. ಅರ್ಧ ಅಂಗುಲದ ಹೋಳು ಮಾಡಿಕೊಳ್ಳಿ. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ ಸಾಸಿವೆ, ಉದ್ದಿನ ಬೇಳೆ, ಎರಡು ಬ್ಯಾಡಗಿ ಮೆಣಸಿನಕಾಯಿ, ಕರಿಬೇವು, ಚಿಟಿಕೆ ಇಂಗಿನ ಒಗ್ಗರಣೆ ಮಾಡಿ. ನಿಂಬೆ ನೀರಿನಿಂದ ತೆಗೆದ ಹೋಳುಗಳನ್ನು ಒಮ್ಮೆ ಶುದ್ಧ ನೀರಿನಲ್ಲಿ ಜಾಲಿಸಿ, ಬಸಿದು ಹಾಕಿ. ಜಾಲಿಸುವುದನ್ನು ಮರೆಯಬೇಡಿ: ಹುಳಿ ಉಳಿದರೆ ತರಕಾರಿ ಬೇಯುವುದೇ ತಡ. ಇದೇ ಕಾರಣಕ್ಕೆ ಪಲ್ಯಕ್ಕೆ ನಿಂಬೆರಸವನ್ನು ಕೊನೆಗೇ ಹಿಂಡಬೇಕು.

ಎರಡು ನಿಮಿಷ ಬಾಡಿಸಿ, ಉಪ್ಪು, ಕಾಲು ಲೋಟ ನೀರು ಹಾಕಿ ಮುಚ್ಚಿ, ಸಣ್ಣ ಉರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಬೇಯಿಸಿ. ಮುಚ್ಚಳ ತೆಗೆದು ನೀರು ಇಂಗಿಸಿ, ಅಂಚುಗಳು ಕೆಂಪಾಗುವವರೆಗೆ ಬಿಡಿ. ಈ ಕೆಂಪು ಬಣ್ಣದಲ್ಲಿಯೇ ರುಚಿ ಇದೆ, ಅವಸರ ಮಾಡಬೇಡಿ. ಮೂರು ಚಮಚ ತೆಂಗಿನ ತುರಿ, ನಾಲ್ಕು ಹನಿ ನಿಂಬೆರಸ ಸೇರಿಸಿ ಇಳಿಸಿ.

ಸಾಂಬಾರ್ ಪುಡಿ, ಗರಂ ಮಸಾಲೆ ಹಾಕಬಹುದೇ? ದಯವಿಟ್ಟು ಬೇಡ. ಇಷ್ಟು ಶ್ರಮಪಟ್ಟು ಬಿಡಿಸಿದ ಮೃದು ರುಚಿ ಮಸಾಲೆಯಲ್ಲಿ ಮುಳುಗಿ ಹೋದರೆ ಆಲೂಗೆಡ್ಡೆಯನ್ನೇ ಹಾಕಬಹುದಿತ್ತು. ರೋಮ್ ನಗರದ ಯೆಹೂದಿ ಕೇರಿಯ ಅಡುಗೆಯವರು ಇದನ್ನು ಇಡಿಯಾಗಿ ಆಲಿವ್ ಎಣ್ಣೆಯಲ್ಲಿ ಎರಡು ಸಲ ಕರಿದು, ಎಸಳುಗಳು ಸೇವಂತಿಗೆಯಂತೆ ಅರಳಿ ಗರಿಗರಿಯಾಗುವಂತೆ ಮಾಡುತ್ತಾರೆ. ಅದಕ್ಕೂ ಉಪ್ಪಿನ ಹೊರತು ಹೆಚ್ಚೇನೂ ಬೀಳುವುದಿಲ್ಲ. ಅಲ್ಲಿಯ ತಳಿಯಲ್ಲಿ ಮುಳ್ಳಿಲ್ಲ, ಜುಂಗೂ ತೀರ ಕಡಿಮೆ. ಕ್ಯಾಲಿಫೋರ್ನಿಯಾದ ದೊಡ್ಡ ಮೊಗ್ಗಿನಲ್ಲಿ ಅದನ್ನು ಮಾಡಲು ಹೊರಟರೆ ನಾರಿನ ಉಂಡೆಯಾಗುತ್ತದೆ. ಆಸೆಯಿದ್ದರೆ ಬೇಬಿ ಮೊಗ್ಗಿನಲ್ಲಿ ಪ್ರಯತ್ನಿಸಿ.

ಉಳಿದ ಪ್ರಶ್ನೆಗಳು

ಬಾಟಲಿಯದೂ ಡಬ್ಬಿಯದೂ ಆಗುತ್ತದೆಯೇ? ಉಪ್ಪುನೀರಿನಲ್ಲಿ ಹಾಕಿಟ್ಟದ್ದನ್ನು ಎರಡು ಸಲ ತೊಳೆದರೆ ಪಲ್ಯಕ್ಕೆ ಒದಗುತ್ತದೆ, ಅದು ಆಗಲೇ ಬೆಂದಿರುತ್ತದೆ. ಎಣ್ಣೆ, ವಿನೆಗರ್, ಮಸಾಲೆಯಲ್ಲಿ ನೆನೆದದ್ದು ಪಲ್ಯಕ್ಕೆ ಬೇಡ. ಊರಿನಲ್ಲಿ ಹಸಿ ಮೊಗ್ಗು ಸಿಗದವರಿಗೆ ಉಪ್ಪುನೀರಿನದೇ ದಾರಿ.

ಉಪ್ಪಿನಕಾಯಿಯಂತೆ ಎಣ್ಣೆಯಲ್ಲಿ ಹಾಕಿಡಬಹುದೇ? ಈ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿರಲಿ. ಬೇಯಿಸಿದ ಆರ್ಟಿಚೋಕನ್ನು, ಅದರಲ್ಲೂ ಬೆಳ್ಳುಳ್ಳಿಯೊಂದಿಗೆ, ಎಣ್ಣೆಯಲ್ಲಿ ಮುಳುಗಿಸಿ ಕಟ್ಟೆಯ ಮೇಲೆ ಇಡಬೇಡಿ. ಗಾಳಿಯಾಡದ, ಹುಳಿ ಸಾಲದ ಎಣ್ಣೆಯೊಳಗೆ ಬೊಟುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷವನ್ನು ಹುಟ್ಟಿಸುವ ಬ್ಯಾಕ್ಟೀರಿಯಾ ಬೆಳೆಯಬಹುದು, ವಾಸನೆಯಲ್ಲಾಗಲಿ ಬಣ್ಣದಲ್ಲಾಗಲಿ ಗೊತ್ತಾಗುವುದಿಲ್ಲ. ಮಾವಿನಕಾಯಿಯ ಉಪ್ಪು, ಹುಳಿ ಇದರಲ್ಲಿಲ್ಲ. ಎಣ್ಣೆ ಸವರಿದರೂ ಫ್ರಿಜ್‌ನಲ್ಲಿಡಿ, ಮೂರು ನಾಲ್ಕು ದಿನದೊಳಗೆ ಮುಗಿಸಿ. ಹೆಚ್ಚು ದಿನ ಬೇಕಾದರೆ ತಿರುಳು ಬಟ್ಟಲುಗಳನ್ನು ನಿಂಬೆ ಹಿಂಡಿದ ಕುದಿನೀರಿನಲ್ಲಿ ಏಳೆಂಟು ನಿಮಿಷ ಬೇಯಿಸಿ, ಆರಿಸಿ, ಫ್ರೀಜರ್‌ನಲ್ಲಿಡಿ. ಹಸಿಯಾಗಿಯೇ ಫ್ರೀಜರ್‌ಗೆ ಹಾಕಿದರೆ ಕಪ್ಪಾಗುತ್ತದೆ.

ಯಾರು ಎಚ್ಚರವಹಿಸಬೇಕು? ಸೇವಂತಿಗೆ ಜಾತಿಯ ಗಿಡಗಳ ಪರಾಗ ಅಲರ್ಜಿ ಇರುವವರು ಮೊದಲ ಸಲ ಸ್ವಲ್ಪವೇ ತಿಂದು ನೋಡಬೇಕು. ಪಿತ್ತಕೋಶದಲ್ಲಿ ಕಲ್ಲು, ಪಿತ್ತನಾಳದ ತೊಂದರೆ ಇರುವವರು ವೈದ್ಯರನ್ನು ಕೇಳಿ ತಿನ್ನಬೇಕು. ಇನ್ಯುಲಿನ್ ಎಂಬ ನಾರಿನ ಅಂಶ ಇದರಲ್ಲಿ ಹೆಚ್ಚು. ರೂಢಿಯಿಲ್ಲದ ಹೊಟ್ಟೆ ಮೊದಲ ದಿನ ವಾಯುವಿನಿಂದ ಉಬ್ಬರಿಸಬಹುದು. ಆದ್ದರಿಂದಲೇ ಒಬ್ಬರಿಗೆ ಒಂದು ಎಂದದ್ದು.

ಊಟ ಮುಗಿದ ಮೇಲೆ ತಿಂದುಬಿಟ್ಟ ಎಸಳುಗಳ ರಾಶಿ ನೋಡಿದರೆ ತಂದದ್ದಕ್ಕಿಂತ ಎಸೆಯುವುದೇ ಹೆಚ್ಚೆನಿಸುತ್ತದೆ. ಅದನ್ನು ಸಿಂಕಿನ ತ್ಯಾಜ್ಯ ಅರೆಯುವ ಯಂತ್ರಕ್ಕೆ ಮಾತ್ರ ತುರುಕಬೇಡಿ. ಎಸಳಿನ ನಾರು ಹಗ್ಗದಂತೆ ಸುತ್ತಿಕೊಂಡು ಯಂತ್ರ ನಿಲ್ಲುತ್ತದೆ, ಕೊಳಾಯಿಯೂ ಕಟ್ಟಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಒಮ್ಮೆ ಆಗಿದೆ. ಹಸಿ ಕಸದ ತೊಟ್ಟಿಗೆ ಹಾಕಿ, ಹಿತ್ತಿಲಿದ್ದರೆ ಗೊಬ್ಬರದ ಗುಂಡಿಗೆ. ಇಡೀ ಎಸಳು ಕೊಳೆಯುವುದು ನಿಧಾನ, ಕತ್ತರಿಯಿಂದ ಎರಡು ತುಂಡು ಮಾಡಿ ಹಾಕಿದರೆ ಬೇಗ ಮಣ್ಣಾಗುತ್ತದೆ.